ಯಡಹಳ್ಳಿಯೊಳಗ ನೋಡೋದರ ಏನೈತ್ರಿ?

"ಚಿಂಕಾರ ಕಾಣಲಿಲ್ಲಂದ್ರ ಅಲ್ಲಿ ನೋಡೋದರ ಏನೈತ್ರಿ? ಬರೇ ಕಲ್ಲು, ಮುಳ್ಳುಕಂಟಿ!" ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ (ಒಂದು ಜಾತಿಯ ಸಣ್ಣ ಹುಲ್ಲೆ) ಅಭಯಾರಣ್ಯದ ಮಾತು ಬಂದಾಗಲೆಲ್ಲ ಇದೇ ರಾಗ. ಆ "ಬರೇ" ಕೇಳಿದರೆ ಮೈ ಉರಿಯುತ್ತದೆ. ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ನಡುಮಧ್ಯಾಹ್ನ ಗುಂಪುಕಟ್ಟಿ ಹೋದರೆ ಚಿಂಕಾರ ಒತ್ತಟ್ಟಿಗಿರಲಿ, ಓತಿಕ್ಯಾತವೂ ನಿಲ್ಲುವುದಿಲ್ಲ.

ಎಕ್ಕೆ ಗಿಡದ ಮುಂದೆ ಕೂಡಿರಿ. ನಿಂತರೆ ಆಗದು, ಕೆಲಸವೆಲ್ಲ ಎಲೆಯ ಕೆಳಗೆ ನಡೆದಿರುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆ, ಮೈಮೇಲೆ ಮೂರು ಜೊತೆ ಕಪ್ಪು ಎಳೆ ಇದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು. (ಹುಲಿ ಬೇಕೇಬೇಕು ಅನ್ನುವವರು ಇದಕ್ಕೇ ಸಮಾಧಾನಪಡಬೇಕು.) ಎಕ್ಕೆಯ ಹಾಲು ಬಾಯಿಗೆ ಮೆತ್ತಿಕೊಂಡರೆ ಹುಳುವಿನ ಕಥೆ ಮುಗಿಯಿತು. ಅದಕ್ಕೇ ಅದು ಮೊದಲು ಎಲೆಯ ನರ ಕಡಿದು ಹಾಲಿನ ಹರಿವು ನಿಲ್ಲಿಸಿ, ಆಮೇಲೆ ಅದರಾಚೆಯ ತುಂಡು ಮೇಯುತ್ತದೆ. ಕಡಿದ ನರ ಬರಿಗಣ್ಣಿಗೂ ಕಾಣುತ್ತದೆ. ಹತ್ತು ಪಟ್ಟಿನ ಮಸೂರವಿದ್ದರೆ ಅದನ್ನು ಕಣ್ಣಿಗೇ ತಾಗಿಸಿ ಹಿಡಿದು, ಎಲೆ ಸುಮಾರು ಎರಡೂವರೆ ಸೆಂಟಿಮೀಟರ್ ಹತ್ತಿರಕ್ಕೆ ಬರುವತನಕ ಬಗ್ಗಬೇಕು. ಪೇಪರ್ ಓದುವ ಅಜ್ಜನ ಹಾಗೆ ಕೈಚಾಚಿ ಹಿಡಿದರೆ ಬರೀ ಮಸುಕು. ಅದೇ ಗಿಡದಲ್ಲಿರುವ ಬಣ್ಣದ ಮಿಡತೆಗೆ ಮಾತ್ರ ಈ ಉಪಚಾರ ಬೇಡ. ಅದರ ಮರಿಯನ್ನು ಕೆಣಕಿದರೆ ಪಿಚಕಾರಿಯಂತೆ ದ್ರವ ಚಿಮ್ಮಿಸುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಒಬ್ಬರೂ ಕೇಳುವುದಿಲ್ಲ: "ಇಂಥ ಒಣ ಸೀಮ್ಯಾಗ ಬಂಡೆಗಲ್ಲಿನ ಮ್ಯಾಲ ನೀರಿನ ತೆರಿಯಂಥಾ ಗುರುತು ಹೆಂಗ ಮೂಡಿದ್ವು?" ಈ ಕಲಾದಗಿ ಸೀಮೆಯ ಹಳೆಯ ಕಲ್ಲುಗಳು ನೀರಿನ ತಳದ ಮರಳಾಗಿದ್ದು ನೂರು ಕೋಟಿ ವರ್ಷಕ್ಕೂ ಹಿಂದೆ. ತೆರೆಯ ಒಂದು ಮಗ್ಗುಲು ಇಳಿಜಾರಾಗಿ ಇನ್ನೊಂದು ಕಡಿದಾಗಿದ್ದರೆ, ನೀರು ಹರಿದದ್ದು ಕಡಿದಾದ ದಿಕ್ಕಿಗೆ. ಎರಡೂ ಸಮವಿದ್ದರೆ ಹಿಂದೆ ಮುಂದೆ ಹೊಯ್ದಾಡಿದ ಅಲೆ. ಬಿಸಿಲು ಓರೆಯಾಗಿರುವ ಮುಂಜಾನೆ ನೋಡಿ. ನೆತ್ತಿಯ ಬಿಸಿಲಿಗೆ ನೆರಳಿಲ್ಲ, ತೆರೆಯೂ ಕಾಣದು.

ಕಲ್ಲು ಯಾವುದೆಂದು ತಿಳಿಯಲು ಚಾಕು ಸಾಕು. ಸುಣ್ಣದ ಕಲ್ಲಾದರೆ ಗೀರು ಬೀಳುತ್ತದೆ, ಆ ಪುಡಿಗೆ ವಿನೆಗರ್ ಹನಿಸಿದರೆ ಗುಳ್ಳೆ ಏಳುತ್ತವೆ. ಬೆಣಚು ಕಲ್ಲಿಗೆ ಏನೂ ಆಗದು. ಅದರ ಮೇಲೆ ಉಳಿಯುವ ಬೂದು ಗೆರೆ ಕಲ್ಲಿನ ಗಾಯವಲ್ಲ, ಸವೆದ ಚಾಕುವಿನ ಲೋಹ. ಈ ಆಟವೆಲ್ಲ ಹೊರಗೆ, ನಿಮ್ಮ ಹೊಲದ ಒಡ್ಡಿನ ಕಲ್ಲಿನ ಮೇಲೆ. ಅಭಯಾರಣ್ಯದೊಳಗೆ ಕೆರೆಯುವಂತಿಲ್ಲ, ಒಂದು ಹರಳನ್ನೂ ತರುವಂತಿಲ್ಲ.

"ಸಣ್ಣದೊಂದು ತಂದ್ರ ಏನಾಗ್ತೈತ್ರಿ?" ಅನ್ನುವುದು ಎರಡನೇ ಪ್ರಶ್ನೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ, ಅರಣ್ಯ ಇಲಾಖೆಯವರು ಕೊಡುತ್ತಾರೆ.