ರೇಷ್ಮೆಗೂಡಿನ ಪೇಟೆ ಬುರ್ಸಾ: ಹೋಗುವವರಿಗೆ ಕೆಲವು ಮಾತು

ಟರ್ಕಿಯ ಇಸ್ತಾಂಬುಲ್‌ನಿಂದ ಬುರ್ಸಾಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಪ್ರವಾಸಗಳಲ್ಲಿ ಉಲುದಾ ಬೆಟ್ಟದ ರೋಪ್‌ವೇಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಹಳೆಯ ಪೇಟೆಯನ್ನು ಕಾಣಬೇಕೆನ್ನುವವರು ಅಲ್ಲಿ ಒಂದು ರಾತ್ರಿಯಾದರೂ ತಂಗಬೇಕೆಂಬುದು ನನ್ನ ಸಲಹೆ. ಮರ್ಮರ ಸಮುದ್ರ ದಾಟಿ ಮುದಾನ್ಯಾ ಬಂದರಿಗೆ ಹೋಗುವ ಹಡಗು ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಅಲ್ಲಿಂದ ಊರೊಳಕ್ಕೆ ಬಸ್ಸಿದೆ. ಗಾಳಿ ಜೋರಾದರೆ ಹಡಗು ನಿಲ್ಲುತ್ತದೆ. ನಮಗೂ ಹಾಗೇ ಆಗಿ, 2016ರಲ್ಲಿ ತೆರೆದ ಒಸ್ಮಾನ್‌ಗಾಜಿ ಸೇತುವೆಯ ಮೇಲಿನಿಂದ ಬಸ್ಸಿನಲ್ಲಿ ಮರಳಬೇಕಾಯಿತು. ಅದೇ ದಿನಕ್ಕೆ ವಿಮಾನದ ಟಿಕೆಟ್ ಇಟ್ಟುಕೊಳ್ಳಬೇಡಿ.

ನಾನು ಮೂರು ಸಲ ಮರಳಿ ಹೋದ ಜಾಗ ಕೋಜಾ ಹಾನ್. ಕೋಜಾ ಎಂದರೆ ರೇಷ್ಮೆಗೂಡು, ಹಾನ್ ಎಂದರೆ ವರ್ತಕರು ಸರಕಿನೊಡನೆ ತಂಗುತ್ತಿದ್ದ ಛತ್ರ. ಸುಲ್ತಾನ ಎರಡನೆಯ ಬಾಯಜೀದ್ ಕಟ್ಟಿಸಿದ ಇದು 1491ರಲ್ಲಿ ಪೂರ್ಣಗೊಂಡಿತು. ಇರಾನಿನ ಕಚ್ಚಾ ರೇಷ್ಮೆಯ ವ್ಯಾಪಾರದಿಂದ ಬೆಳೆದ ಈ ಊರಿನಲ್ಲಿ, ಮುಂದೆ ಸುತ್ತಲಿನ ಹಳ್ಳಿಗಳ ರೈತರು ತಂದ ಗೂಡುಗಳೂ ಇದೇ ಅಂಗಳದಲ್ಲಿ ಮಾರಾಟವಾಗುತ್ತಿದ್ದವು. ರಾಮನಗರದ ಗೂಡಿನ ಮಾರುಕಟ್ಟೆಯ ಗದ್ದಲವನ್ನು ಕಂಡಿರುವ ನಮಗೆ ಇಲ್ಲಿನ ನಿಶ್ಶಬ್ದ ವಿಚಿತ್ರವೆನಿಸಿತು. ಈಗ ಗೂಡುಗಳಿಲ್ಲ, ಎರಡಂತಸ್ತಿನ ಕಮಾನುಗಳ ಹಿಂದೆ ಶಿರವಸ್ತ್ರದ ಅಂಗಡಿಗಳಿವೆ. ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ, ಅದರ ಕೆಳಗೆ ಕಾರಂಜಿ, ಮರಗಳ ನೆರಳಿನಲ್ಲಿ ಸೊಂಟ ಸಣ್ಣಗಿರುವ ಗಾಜಿನ ಲೋಟಗಳಲ್ಲಿ ಚಹಾ.

ಇಲ್ಲಿ ಮಾರುವುದೆಲ್ಲ ರೇಷ್ಮೆಯೆಂದು ನಂಬಿ ಕೊಳ್ಳಬೇಡಿ. ನಾನು ಕೇಳಿದಾಗ ಒಬ್ಬ ಅಂಗಡಿಯವರು ಬೇಸರಿಸದೆ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ತೋರಿಸಿದರು: ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಭಾನುವಾರ ಪೇಟೆಯ ಅನೇಕ ಅಂಗಡಿಗಳು ಮುಚ್ಚಿರುವುದರಿಂದ ವಾರದ ದಿನವೇ ಹೋಗಿ.

ಪಕ್ಕದ ಉಲು ಜಾಮಿ ಮಸೀದಿಗೆ ಇಪ್ಪತ್ತು ಗುಮ್ಮಟಗಳಿವೆ; ಕಾರಂಜಿ ಒಳಗೇ ಇರುವುದರಿಂದ ನೀರಿನ ಸದ್ದು ಕೇಳುತ್ತಲೇ ಇರುತ್ತದೆ. ಮಹಿಳೆಯರು ತಲೆಗೆ ವಸ್ತ್ರ ಒಯ್ಯಬೇಕು. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಯ ಹೊತ್ತಿನಲ್ಲಿ ಹೋಗುವುದು ಬೇಡ.

ಇಂದಿನ ಬುರ್ಸಾ ಕಾರು ಮತ್ತು ಜವಳಿ ಕಾರ್ಖಾನೆಗಳ ದೊಡ್ಡ ನಗರ. ಮೆಟ್ರೊ, ಬಸ್ಸುಗಳಿಗೆ ಊರಿನದೇ ಕಾರ್ಡ್ ಇದೆ. ಬಂದ ಕೂಡಲೇ ಅದನ್ನು ಕೊಳ್ಳಿ. ಊರಿನ ಹೆಸರಾಂತ ಇಸ್ಕೆಂದರ್ ಕಬಾಬ್ ಮಾಂಸದ್ದು. ಸಸ್ಯಾಹಾರಿಗಳು ಎಳ್ಳಿನ ಹೂರಣದ ಸಿಹಿ ರೊಟ್ಟಿ ತಾಹಿನ್‌ಲಿ ಪಿದೆಯನ್ನು ಬೆಳಿಗ್ಗೆ ಒಲೆಯಿಂದ ಇಳಿಸಿದಾಗಲೇ ತಿನ್ನಬೇಕು. ಮಧ್ಯಾಹ್ನದ ಹೊತ್ತಿಗೆ ಅದು ಬಿರುಸಾಗಿರುತ್ತದೆ.