ಆನೆ ಎಂಡ್‌ಗೇಮ್ ಅಭ್ಯಾಸ: ಈ ತಿಂಗಳ ತರಗತಿ ಟಿಪ್ಪಣಿ

ಈ ತಿಂಗಳು ಚೆಸ್ ತರಗತಿಯಲ್ಲಿ ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳ ಪಾಠ ಪೂರ್ತಿ ನಿಲ್ಲಿಸಿದ್ದೇವೆ. ಬರೀ ಆನೆ ಎಂಡ್‌ಗೇಮ್, ಅಂದರೆ ರಾಜ, ಆನೆ, ಪೇದೆ ಮಾತ್ರ ಉಳಿದ ಕೊನೆಯ ಹಂತ. ಶುರುವಿನಲ್ಲಿ ಮಕ್ಕಳಿಗೆ ಅಷ್ಟು ಹಿಡಿಸಲಿಲ್ಲ. "ರಾಣಿ ಇಲ್ಲ, ದಾಳಿ ಇಲ್ಲ, ಇದರಲ್ಲಿ ಏನಿದೆ ಸಾರ್?" ಅಂದರು. ಆದರೆ ಅವರದೇ ಹಳೆಯ ಸ್ಕೋರ್‌ಶೀಟ್‌ಗಳನ್ನು (ನಡೆ ಬರೆದಿಟ್ಟ ಹಾಳೆ) ಮುಂದಿಟ್ಟುಕೊಂಡು ಕೂತಾಗ ವಿಷಯ ಎದ್ದು ಕಂಡಿತು. ಮೂವತ್ತು ನಡೆ ಚೆನ್ನಾಗಿ ಆಡುತ್ತಾರೆ. ಎರಡೂ ಕಡೆ ಒಂದೊಂದು ಆನೆ ಉಳಿದ ಮೇಲೆ ಅರ್ಧ ಪಾಯಿಂಟ್, ಒಂದೊಂದು ಸಲ ಇಡೀ ಪಾಯಿಂಟ್ ಬಿಟ್ಟುಕೊಡುತ್ತಾರೆ. ಕಾರಣ ಹೆಚ್ಚು ಕಡಿಮೆ ಎಲ್ಲರದೂ ಒಂದೇ. ಪೇದೆ ಎಣಿಸುತ್ತಾರೆ. ಆನೆ ಕೆಲಸ ಮಾಡುತ್ತಿದೆಯೋ ಸುಮ್ನೆ ನಿಂತಿದೆಯೋ ಅಂತ ನೋಡುವುದಿಲ್ಲ.

ಮೊದಲು ಫಿಲಿಡೋರ್

ಒಂದು ಪೇದೆ ಕಮ್ಮಿ ಇದ್ದರೂ ಡ್ರಾ ಮಾಡಿಕೊಳ್ಳುವ ದಾರಿ ಇದು. 1777ರಲ್ಲೇ ಫ್ರಾನ್ಸಿನ ಆಟಗಾರ ಫಿಲಿಡೋರ್ ಇದನ್ನು ಬಿಡಿಸಿ ತೋರಿಸಿದ್ದರು. ಅವರು ಸಂಗೀತ ಸಂಯೋಜಕರೂ ಹೌದು ಅಂದಾಗ ಮಕ್ಕಳ ಕಿವಿ ನೆಟ್ಟಗಾಯಿತು.

ಬೋರ್ಡ್ ಮೇಲೆ ಇಟ್ಟಿದ್ದು ಹೀಗೆ (ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ): ಬಿಳಿ ರಾಜ ಇ5, ಪೇದೆ ಡಿ5, ಆನೆ ಎಚ್7. ಕಪ್ಪು ರಾಜ ಡಿ8, ಆನೆ ಎ6. ಕಪ್ಪು ಆನೆ ಆರನೇ ಸಾಲನ್ನು ಕಾಯುತ್ತಿರುವಷ್ಟು ಹೊತ್ತು ಬಿಳಿ ರಾಜ ಮುಂದೆ ಬರಲಾರ. ಕೊನೆಗೆ ಬಿಳಿ ಪೇದೆಯನ್ನೇ ಡಿ6ಕ್ಕೆ ತಳ್ಳಬೇಕು. ತಳ್ಳಿದ ಕೂಡಲೇ ಕಪ್ಪು ಆನೆ ಎ1ಕ್ಕೆ ಇಳಿದು ಹಿಂದಿನಿಂದ ಚೆಕ್ ಕೊಡಲು ಸಿದ್ಧವಾಗುತ್ತದೆ. ಬಿಳಿ ರಾಜನಿಗೆ ಅಡಗಲು ಡಿ6 ಇತ್ತು. ಆ ಮನೆಯಲ್ಲಿ ಈಗ ಅವನದೇ ಪೇದೆ ಕೂತಿದೆ.

ಬಹಳ ಮಕ್ಕಳು ಒಂದೇ ಜಾಗದಲ್ಲಿ ಎಡವಿದರು. ಪೇದೆ ಇನ್ನೂ ಡಿ5ರಲ್ಲಿ ಇರುವಾಗಲೇ ಚೆಕ್ ಕೊಡುವ ಆಸೆಗೆ ಆನೆಯನ್ನು ಕೆಳಗಿಳಿಸಿಬಿಡುತ್ತಾರೆ. ಆಗ ಬಿಳಿ ರಾಜ ಡಿ6ಕ್ಕೆ ಬಂದು ಆರಾಮಾಗಿ ಕೂರುತ್ತಾನೆ. ಕಾಯುವುದೂ ಒಂದು ನಡೆ ಅಂತ ಚಿಕ್ಕವರಿಗೆ ಒಪ್ಪಿಸುವುದು ಕಷ್ಟ. ಮಾತಿನಲ್ಲಿ ಆಗಲಿಲ್ಲ, ಆಡಿಸಿದೆ. ಇಬ್ಬಿಬ್ಬರನ್ನು ಕೂರಿಸಿ, 3 ನಿಮಿಷ ಜೊತೆಗೆ ಪ್ರತಿ ನಡೆಗೆ 2 ಸೆಕೆಂಡ್ ಗಡಿಯಾರ ಇಟ್ಟು, ಇದೇ ಸ್ಥಿತಿಯಿಂದ ಆಟ. ಮುಗಿದ ಮೇಲೆ ಬಣ್ಣ ಬದಲು. ಮೂರನೇ ತರಗತಿಯ ಹೊತ್ತಿಗೆ ಕೈ ತಾನಾಗಿ ಆರನೇ ಸಾಲಿಗೆ ಹೋಗುತ್ತಿತ್ತು.

ಆಮೇಲೆ ಲುಸೆನಾ

ಲುಸೆನಾ ಅನ್ನುವ ಈ ಸ್ಥಿತಿ ಗೆಲ್ಲುವವರ ಪಾಠ. ಬಿಳಿ ರಾಜ ಜಿ8, ಪೇದೆ ಜಿ7, ಆನೆ ಎಫ್1. ಕಪ್ಪು ರಾಜ ಇ7, ಆನೆ ಎಚ್2. ಪೇದೆ ರಾಣಿಯಾಗಲು ಒಂದೇ ಹೆಜ್ಜೆ, ಆದರೆ ದಾರಿಗೆ ತನ್ನ ರಾಜನೇ ಅಡ್ಡ. ಬಿಳಿ ಆನೆ ಎಫ್4ಕ್ಕೆ ಬರಬೇಕು. ಕಪ್ಪು ಆನೆ ಎಚ್1. ಈಗ ಆನೆ ಇ4ರಿಂದ ಚೆಕ್, ಕಪ್ಪು ರಾಜ ಡಿ7, ಬಿಳಿ ರಾಜ ಎಫ್7ಕ್ಕೆ ಹೊರಗೆ. ಕಪ್ಪು ಆನೆ ಎಫ್1, ಜಿ1, ಮತ್ತೆ ಎಫ್1 ಅಂತ ಚೆಕ್ ಕೊಡುತ್ತಾ ಹೋಗುತ್ತದೆ. ರಾಜ ಜಿ6, ಎಫ್6, ಜಿ5 ಅಂತ ಇಳಿಯುತ್ತಾನೆ. ಇನ್ನೊಂದು ಚೆಕ್ ಬಂದಾಗ ಬಿಳಿ ಆನೆ ಇ4ರಿಂದ ಜಿ4ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಆಟ ಮುಗಿಯಿತು. ಇದಕ್ಕೇ ಸೇತುವೆ ಕಟ್ಟುವುದು ಅನ್ನುತ್ತಾರೆ.

"ನಾಲ್ಕನೇ ಸಾಲೇ ಯಾಕೆ, ಐದು ಯಾಕಾಗಬಾರದು?" ಅಂತ ಒಬ್ಬ ಹುಡುಗ ಕೇಳಿದ. ತುಂಬಾ ಖುಷಿಯಾಯಿತು. ಉತ್ತರ ನಾನು ಹೇಳಲಿಲ್ಲ, ಅವನೇ ಆಡಿ ನೋಡಿದ. ಆನೆ ಇ5ರಿಂದ ಚೆಕ್ ಕೊಟ್ಟರೆ ಕಪ್ಪು ರಾಜ ಡಿ6ಕ್ಕೆ ಬಂದು ಆನೆಯ ಮೇಲೇ ಬೀಳುತ್ತಾನೆ. ಇ4 ಆದರೆ ಆ ತೊಂದರೆ ಇಲ್ಲ. ಹೀಗೆ ತಾನೇ ಕಂಡುಕೊಂಡ ಉತ್ತರ ಜಾಸ್ತಿ ದಿನ ನೆನಪಿರುತ್ತದೆ.

ಭಾನುವಾರದ ಟೂರ್ನಿ

ರ‍್ಯಾಪಿಡ್ ಟೂರ್ನಿ, 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್. ಬಹುಮಾನದ ಪಟ್ಟಿಯಲ್ಲಿ ನಮ್ಮವರು ಮೇಲೆ ಬರಲಿಲ್ಲ. ಆದರೆ ನಾನು ಕಾಯುತ್ತಿದ್ದ ಆಟ ಬಂತು.

ನಮ್ಮ ಹುಡುಗಿಯೊಬ್ಬಳು ಕಪ್ಪು ಕಾಯಿ, ಒಂದು ಪೇದೆ ಕಮ್ಮಿ. ಎದುರಾಳಿಯ ರೇಟಿಂಗ್ ಅವಳಿಗಿಂತ ತುಂಬಾ ಮೇಲೆ. ಆನೆಗಳು ಮಾತ್ರ ಉಳಿದಾಗ ಅವಳು ಒಂದು ನಿಮಿಷ ಯೋಚಿಸಿ ಆನೆಯನ್ನು ಆರನೇ ಸಾಲಿಗೆ ತಂದಳು. ಅಲ್ಲಿಂದ ಕದಲಲಿಲ್ಲ. ಎದುರಾಳಿ ಆನೆಯನ್ನು ಅತ್ತಿತ್ತ ಆಡಿಸುತ್ತಾ ಸಮಯದ ಮೇಲೆ ಗೆಲ್ಲಲು ನೋಡಿದರು. ಅದು ಅವರ ಹಕ್ಕು, ತಪ್ಪೇನಿಲ್ಲ. ಆಗ ಅವಳು ಆರ್ಬಿಟರನ್ನು (ಟೂರ್ನಿಯ ತೀರ್ಪುಗಾರರು) ಕರೆದು ಸ್ಕೋರ್‌ಶೀಟ್ ಕೇಳಿದಳು, ನಡೆಗಳನ್ನು ಬರೆಯತೊಡಗಿದಳು.

ಈ ನಿಯಮ ಬಹಳ ಅಪ್ಪ ಅಮ್ಮಂದಿರಿಗೂ ಗೊತ್ತಿರುವುದಿಲ್ಲ. ರ‍್ಯಾಪಿಡ್‌ನಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ. ಆದರೆ ಆಟಗಾರ ಯಾವಾಗ ಬೇಕಾದರೂ ಶೀಟ್ ಕೇಳಿ ಬರೆಯಬಹುದು. ಎರಡೂ ಕಡೆಯವರು 50 ನಡೆ ಪೇದೆ ಮುಟ್ಟದೆ, ಏನೂ ಹೊಡೆಯದೆ ಆಡಿದ್ದರೆ ಡ್ರಾ ಕೇಳಬಹುದು. ಅದನ್ನು ತೋರಿಸಲು ಬರೆದ ಶೀಟ್ ಕೈಯಲ್ಲಿದ್ದರೆ ಒಳ್ಳೆಯದಲ್ವಾ? ಇದೇ 75 ನಡೆ ದಾಟಿದರೆ ಯಾರೂ ಕೇಳಬೇಕಾಗಿಲ್ಲ, ಆಟ ಡ್ರಾ.

ಅಷ್ಟು ದೂರ ಹೋಗಲಿಲ್ಲ. ಎದುರಾಳಿ ಪೇದೆಯನ್ನು ಡಿ6ಕ್ಕೆ ತಳ್ಳಿದರು. ಅವಳ ಆನೆ ತಕ್ಷಣ ಎ1ಕ್ಕೆ ಹೋಯಿತು. ನಾಲ್ಕು ಚೆಕ್ ಆದ ಮೇಲೆ ಕೈ ಕುಲುಕಿದರು. ನಾನು ದೂರದಲ್ಲಿ ನಿಂತಿದ್ದೆ, ಚಪ್ಪಾಳೆ ತಟ್ಟುವ ಹಾಗಿರಲಿಲ್ಲ.

ಚಿಕ್ಕವರ ಬೋರ್ಡ್‌ನಿಂದ ಒಂದು ತಂತ್ರವನ್ನೂ ಬರೆದಿಡಬೇಕು. ಮೊದಲು ಬಿಳಿ, ಆಮೇಲೆ ಕಪ್ಪು: ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಪೇದೆ ಡಿ6, ಕುದುರೆ ಸಿ3 ಒಂಟೆ ಜಿ4. ಲೆಗಾಲ್ ಮೇಟ್ (ರಾಣಿಯನ್ನು ಬಿಟ್ಟುಕೊಟ್ಟು ಕುದುರೆ, ಒಂಟೆಗಳಿಂದ ಮೇಟ್ ಮಾಡುವ ತಂತ್ರ) ಕಲಿತಿದ್ದ ನಮ್ಮ ಹುಡುಗ ಇಲ್ಲಿ ಉತ್ಸಾಹದಿಂದ ಕುದುರೆಯಲ್ಲಿ ಇ5 ಹೊಡೆದ. ಎದುರಾಳಿ ರಾಣಿಯನ್ನು ಮುಟ್ಟದೆ ಸಿ6ರ ಕುದುರೆಯಲ್ಲಿ ಹೊಡೆದ. ಆ ಕುದುರೆ ಜಿ4ರ ಒಂಟೆಯನ್ನೂ ಕಾಯುತ್ತದೆ. ಹುಡುಗನಿಗೆ ಒಂದು ಕಾಯಿ ಹೋಯಿತು.

ಅದೇ, ಮೊದಲು ಪೇದೆ ಎಚ್3 ಆಡಿದ್ದರೆ? ಒಂಟೆ ಎಚ್5ಕ್ಕೆ ಸರಿದ ಮೇಲೆ ಇ5 ಹೊಡೆಯಬಹುದು. ಕುದುರೆಯಲ್ಲಿ ಹೊಡೆದರೆ ರಾಣಿ ಎಚ್5ರ ಒಂಟೆಯನ್ನು ತಿನ್ನುತ್ತದೆ. ಕಪ್ಪು ಕುದುರೆ ಸಿ4ರ ಒಂಟೆಯನ್ನು ಹೊಡೆಯುತ್ತದೆ, ಆಗ ರಾಣಿ ಬಿ5ರಿಂದ ಚೆಕ್ ಕೊಟ್ಟು ಆ ಕುದುರೆಯನ್ನೂ ತೆಗೆಯುತ್ತದೆ. ಬಿಳಿಗೆ ಒಂದು ಪೇದೆ ಲಾಭ. ಕಪ್ಪು ಆಸೆಪಟ್ಟು ರಾಣಿಯನ್ನೇ ಹೊಡೆದರೆ ಒಂಟೆ ಎಫ್7 ಹೊಡೆದು ಚೆಕ್, ರಾಜ ಇ7, ಕುದುರೆ ಡಿ5 ಮೇಟ್. ಒಂದೇ ಮನೆ ಈಚೆ ಆಚೆ ಆದರೆ ತಂತ್ರ ಪೂರ್ತಿ ಬದಲಾಗುತ್ತದೆ. ಮಾದರಿ ನೆನಪಿಟ್ಟುಕೊಂಡರೆ ಸಾಲದು, ಯಾವ ಕಾಯಿಯನ್ನು ಯಾರು ಕಾಯುತ್ತಿದ್ದಾರೆ ಅಂತ ಪ್ರತಿ ಸಲ ಕೇಳಿಕೊಳ್ಳಬೇಕು. ಅವನು ಮಂಗಳವಾರ ಇದನ್ನು ಬೋರ್ಡ್ ಮುಂದೆ ನಿಂತು ಎಲ್ಲರಿಗೂ ವಿವರಿಸಿದ.

ತೋರಿಸಿದ ಆಟ

1924ರ ನ್ಯೂಯಾರ್ಕ್ ಟೂರ್ನಿ, ಬಿಳಿ ಕಾಯಿ ಕ್ಯಾಪಾಬ್ಲಾಂಕಾ, ಕಪ್ಪು ಟಾರ್ಟಕೋವರ್. ಪೇದೆ ಎಣಿಸುವ ಚಟಕ್ಕೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ. 35ನೇ ನಡೆಯಲ್ಲಿ ಬಿಳಿ ರಾಜ ಜಿ3ಕ್ಕೆ ಬರುತ್ತಾನೆ. ಸಿ3ರ ಪೇದೆ ಚೆಕ್ ಸಮೇತ ಹೋಗುತ್ತದೆ, ಎಫ್4ರ ಪೇದೆಯೂ ಚೆಕ್ ಸಮೇತ ಹೋಗುತ್ತದೆ. ರಾಜ ಮಾತ್ರ ಎಚ್4, ಜಿ5, ಎಫ್6 ಅಂತ ನಡೆಯುತ್ತಲೇ ಇರುತ್ತಾನೆ. ಎಫ್5ರಲ್ಲಿದ್ದ ಕಪ್ಪು ಪೇದೆಯನ್ನು ಹೊಡೆಯುವುದೂ ಇಲ್ಲ. ಅದು ಅಲ್ಲೇ ಇದ್ದರೆ ಎಫ್ ಫೈಲ್‌ನಲ್ಲಿ (ಉದ್ದ ಸಾಲು) ಚೆಕ್ ಬರುವುದಿಲ್ಲ! ಶತ್ರುವಿನ ಪೇದೆಯನ್ನೇ ಕೊಡೆ ಮಾಡಿಕೊಂಡು ನಿಂತ ರಾಜ, ಜಿ6ರಲ್ಲಿ ಪೇದೆ, ಏಳನೇ ಸಾಲಿನಲ್ಲಿ ಆನೆ. ಕಪ್ಪಿನ ಪೇದೆಗಳು ಒಂದೊಂದಾಗಿ ಬೀಳುತ್ತವೆ.

35ನೇ ನಡೆಗೆ ಮುಂಚೆ ಆಟ ನಿಲ್ಲಿಸಿ, ಏನು ಆಡುತ್ತೀರಿ ಅಂತ ಕೇಳಿದ್ದೆ. ಹೆಚ್ಚಿನವರು ಸಿ3ರ ಪೇದೆ ಉಳಿಸಲು ದಾರಿ ಹುಡುಕಿದರು. ರಾಜನ ನಡೆ ಹೇಳಿದ್ದು ಆ ಡ್ರಾ ಮಾಡಿದ ಹುಡುಗಿ.

ಮುಂದಿನ ವಾರಗಳಿಗೆ ಎ ಫೈಲ್ ಪೇದೆಗಳ ಪಾಠ, ವಾನ್ಚುರಾ ಸ್ಥಿತಿ. ಬಿಳಿ ಆನೆ ಎ8, ಪೇದೆ ಎ6, ರಾಜ ಇ3. ಕಪ್ಪು ರಾಜ ಜಿ7, ಆನೆ ಎಫ್6. ಈ ಸಲ ಕಾಯುವ ಆನೆ ಪೇದೆಯ ಹಿಂದೆ ಹೋಗುವುದಿಲ್ಲ, ಪಕ್ಕದಿಂದ ಹಿಡಿಯುತ್ತದೆ. ಬಿಳಿ ಆನೆ ಯಾಕೆ ಎ8 ಬಿಟ್ಟು ಹೊರಬರಲಾರದು ಅಂತ ಎಲ್ಲರೂ ಮನೆಯಲ್ಲಿ ಬೋರ್ಡ್ ಮೇಲೆ ಇಟ್ಟು ನೋಡಿಕೊಂಡು ಬರಬೇಕು, ಕಂಪ್ಯೂಟರ್ ಎಂಜಿನ್ ಹಚ್ಚದೆ.