‘ಸರ್, ತಲೆಯಲ್ಲಿರೋದು ಗಡ್ಡೆನಾ, ರಕ್ತನಾಳದ ಗಂಟಾ?’

ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಂಆರ್‌ಐ ಮಷಿನ್ ನಡೆಸುವುದು ನನ್ನ ಕೆಲಸ. ಗದಗ, ಹಾವೇರಿ ಕಡೆಯಿಂದ ಬೆಳಗಿನ ಬಸ್ಸಿಗೇ ಬಂದವರು ಸ್ಕ್ಯಾನ್ ಮುಗಿಯುತ್ತಲೇ ನನ್ನನ್ನು ಬಾಗಿಲಲ್ಲಿ ಹಿಡಿದು ಇದನ್ನೇ ಕೇಳುತ್ತಾರೆ. ರಿಪೋರ್ಟ್ ಬರೆಯುವವರು ಸ್ಕ್ಯಾನ್ ನೋಡುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್, ನಾನಲ್ಲ. ಆದರೆ ಎರಡನ್ನೂ ಹೇಗೆ ಬೇರೆ ಮಾಡುತ್ತಾರೆ ಅಂತ ಹೇಳಬಹುದಲ್ವಾ?

ಫಿಟ್ಸ್ ಬಂತು, ಸಿಟಿ ಸ್ಕ್ಯಾನ್ ಮಾಡಿಸಿದರು, ತಲೆಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಅದು ಹೊಸ ರಕ್ತ ಇರಬಹುದು, ಸುಣ್ಣ ಕಟ್ಟಿದ್ದಿರಬಹುದು, ಗಡ್ಡೆಯೂ ಇರಬಹುದು. ಅದಕ್ಕೇ ನಮ್ಮಲ್ಲಿಗೆ ಕಳಿಸುತ್ತಾರೆ.

ರಕ್ತನಾಳದ ಗಂಟುಗಳಲ್ಲಿ ಗೊಂದಲ ಮಾಡುವುದು ಜಾಸ್ತಿ ಕ್ಯಾವರ್ನೋಮ. ತೆಳು ಗೋಡೆಯ ಸಣ್ಣ ಸಣ್ಣ ರಕ್ತದ ಗೂಡುಗಳು ಒತ್ತೊತ್ತಾಗಿ ಸೇರಿದ್ದು. ಸುಮಾರು 200 ಜನರಲ್ಲಿ ಒಬ್ಬರಿಗೆ ಇರುತ್ತದೆ, ಬಹಳಷ್ಟು ಮಂದಿಗೆ ಗೊತ್ತೇ ಆಗುವುದಿಲ್ಲ. ಡಾಕ್ಟರುಗಳು ಪಾಪ್‌ಕಾರ್ನ್ ಥರ ಅಂತಾರೆ, ನನಗೆ ಪಂಚಮಿಗೆ ಹುರಿಯುವ ಜೋಳದ ಅಳ್ಳು ನೆನಪಾಗುತ್ತದೆ. ನಡುವೆ ಬಿಳಿ-ಕಪ್ಪು ಉಬ್ಬು, ಸುತ್ತ ಕಪ್ಪು ಅಂಚು. ಆ ಅಂಚು ಹಿಂದೆ ಸ್ವಲ್ಪ ಸ್ವಲ್ಪವೇ ಜಿನುಗಿದ ರಕ್ತದ ಕಬ್ಬಿಣ, ಒಂಥರಾ ತುಕ್ಕು. ಎಸ್‌ಡಬ್ಲ್ಯೂಐ ಅಂತ ರಕ್ತದ ಕಬ್ಬಿಣವನ್ನು ಎತ್ತಿ ತೋರಿಸುವ ಒಂದು ಬಗೆಯ ಎಂಆರ್‌ಐ ಚಿತ್ರ ತೆಗೆದರೆ ಇನ್ನೂ ದಪ್ಪಗೆ ಎದ್ದು ಕಾಣುತ್ತದೆ. ತಮಾಷೆ ಅಂದರೆ ರಕ್ತನಾಳಗಳನ್ನೇ ನೋಡುವ ಆಂಜಿಯೋದಲ್ಲಿ ಇದು ಸಾಮಾನ್ಯವಾಗಿ ಕಾಣುವುದೇ ಇಲ್ಲ, ಒಳಗೆ ರಕ್ತ ಅಷ್ಟು ನಿಧಾನ. ಎವಿಎಂ, ಅಂದರೆ ಅಪಧಮನಿ-ಅಭಿಧಮನಿಗಳು ನೇರವಾಗಿ ಸೇರಿಕೊಂಡ ಸಿಕ್ಕು, ಹಾಗಲ್ಲ. ಅಲ್ಲಿ ರಕ್ತ ಜೋರಾಗಿ ಓಡುತ್ತದೆ, ಕಪ್ಪು ಎರೆಹುಳುಗಳು ಸುತ್ತಿಕೊಂಡ ಹಾಗೆ ಕಾಣುತ್ತದೆ.

ಗಡ್ಡೆಗೆ ಸುತ್ತ ಬಾವು ಇರುವುದು ಹೆಚ್ಚು, ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟರೆ ಹೊಳೆಯುತ್ತದೆ. ಎಲ್ಲ ಗಡ್ಡೆಯೂ ಅಲ್ಲ, ಮತ್ತೆ. ನಿಜವಾದ ಕಷ್ಟ ಹೊಸದಾಗಿ ರಕ್ತ ಸೋರಿದಾಗ: ಕ್ಯಾವರ್ನೋಮದ ಸುತ್ತಲೂ ಬಾವು ಬರುತ್ತದೆ, ಗಡ್ಡೆಯಾದರೆ ಅದೇ ರಕ್ತದ ಹಿಂದೆ ಅಡಗಿ ಕೂತಿರುತ್ತದೆ, ಎಷ್ಟು ಒಳ್ಳೆಯ ಮಷಿನ್ ಇದ್ದರೂ ಆ ದಿನ ಖಚಿತವಾಗಿ ಹೇಳಲು ಆಗದೇ ಹೋಗಬಹುದು. ಆಗ ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅನ್ನುತ್ತಾರೆ. ದುಡ್ಡು ಕೀಳೋಕೆ ಅಂತ ಬೈದು ಹೋದವರಿದ್ದಾರೆ. ಸುಮ್ನೆ ಹೇಳುವುದಲ್ಲ ಅದು, ರಕ್ತ ಕರಗಬೇಕು.

ಹಳೆಯ ಫಿಲ್ಮ್ ಇದ್ದರೆ ಮಾತ್ರ ಮರೆಯದೆ ತನ್ನಿ. ಬ್ಯಾಡಗಿ ಕಡೆಯ ಒಬ್ಬ ಅಜ್ಜಿ 4 ವರ್ಷದ ಹಿಂದಿನದನ್ನು ಮೆಣಸಿನಕಾಯಿ ಚೀಲದಲ್ಲಿ ಸುತ್ತಿ ತಂದಿದ್ದರು. ಸೀನುತ್ತಲೇ ಲೈಟಿಗೆ ಹಿಡಿದೆವು. ಅದೇ ಅಳ್ಳು, ಅದೇ ಅಳತೆ.